ಭಯ ಬಂದಾಗ ಕಾಗದ ಹರಡಿ

ಹೊಸ ವರ್ಷದ ಹಿಂದಿನ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ಒಂದು ತಟ್ಟೆಯ ತುಂಬ ವಾಗ್ದಾನದ ಚೀಟಿಗಳನ್ನಿಟ್ಟು ಒಬ್ಬೊಬ್ಬರಿಗೆ ಒಂದೊಂದು ತೆಗೆದುಕೊಳ್ಳಿ ಅನ್ನುತ್ತಾರೆ. ಆ ವರ್ಷ ನನ್ನ ಕೈಗೆ ಬಂದದ್ದು ಯೆಶಾಯ 41:10. ಹೆದರಬೇಡ, ನಾನೇ ನಿನ್ನ ಸಂಗಡ ಇದ್ದೇನೆ ಅನ್ನುವ ವಾಕ್ಯ. ಮನೆಗೆ ಬಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅಂಟಿಸಿ, ಏಳು ತಿಂಗಳು ಅದರ ಎದುರಿಗೇ ಹೆದರಿಕೊಂಡು ಓಡಾಡಿದೆ.

ಎಡಗಡೆ ಎದೆಯಲ್ಲಿ ಕಡಲೆಕಾಳಿನಷ್ಟು ಒಂದು ಗಂಟು. ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ಯಾರಿಗೂ ಹೇಳಲಿಲ್ಲ. ಕರ್ತನು ನೋಡಿಕೊಳ್ಳುತ್ತಾನೆ ಅಂದುಕೊಂಡೆ. ಕೇಳುವವರಿಗೆ ಅದು ಬಹಳ ದೊಡ್ಡ ನಂಬಿಕೆಯ ಮಾತು. ನಿಜ ಹೇಳಬೇಕೆಂದರೆ ಡಾಕ್ಟರ ಬಾಯಿಂದ ಆ ಒಂದು ಪದ ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ನನ್ನ ಹೆದರಿಕೆ ನಂಬಿಕೆಯ ಸೀರೆ ಉಟ್ಟುಕೊಂಡು ಏಳು ತಿಂಗಳು ಚರ್ಚಿಗೆ ಹೋಗಿ ಬಂತು, ಮುಂದಿನ ಬೆಂಚಿನಲ್ಲೇ ಕೂತಿತು, ಎರಡು ಸಲ ಎದ್ದು ನಿಂತು ದೇವರು ಮಾಡಿದ ಉಪಕಾರದ ಸಾಕ್ಷಿಯನ್ನೂ ಹೇಳಿತು. ಆಗಸ್ಟಿನಲ್ಲಿ ತಂಗಿಗೆ ಗೊತ್ತಾಗಿ, ಅವಳು ಬೈದು ಎಳೆದುಕೊಂಡು ಹೋದ ಮೇಲೆ ಬಯಾಪ್ಸಿ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಆಪರೇಷನ್, ಕೀಮೊ ಎಲ್ಲ ಆಯಿತು. ಈಗ ಆರು ತಿಂಗಳಿಗೊಮ್ಮೆ ಚೆಕಪ್‌ಗೆ ಹೋಗುತ್ತೇನೆ.

ನಾನು ದೇವಶಾಸ್ತ್ರ ಓದಿದವಳಲ್ಲ. ಕೋಲಾರದ ಸುತ್ತಮುತ್ತಲ ಸ್ಕೂಲುಗಳಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತಿಯಾದವಳು. ಗುರುವಾರ ಸಾಯಂಕಾಲ ನಮ್ಮ ಮನೆಯಲ್ಲಿ ಹೆಂಗಸರ ಪ್ರಾರ್ಥನಾ ಕೂಟ ಸೇರುತ್ತದೆ. ಅಲ್ಲಿಗೆ ಬರುವವರು ತರುವುದು ಹೆಚ್ಚಾಗಿ ಭಯವನ್ನೇ: ಬೋರ್‌ವೆಲ್ಲಿಗೆ ನೀರು ಬಾರದ ಭಯ, ಸಂಘದ ಕಂತಿನ ಭಯ, ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವ ಮಗ ಫೋನ್ ಎತ್ತದ ಭಯ. ಅವರಿಗೆ ಹೇಳುತ್ತ, ನನಗೆ ನಾನೇ ಹೇಳಿಕೊಳ್ಳುತ್ತ ಬಂದ ಕ್ರಮ ಇದು. ಭಯ ಬಂದ ದಿನ ಏನು ಮಾಡಬೇಕು, ಯಾವುದರ ನಂತರ ಯಾವುದು ಅನ್ನುವುದಷ್ಟೇ ಇದರಲ್ಲಿದೆ.

ಶುರು ಮಾಡುವ ಮುಂಚೆ

ಹೆದರಿಕೆ ಬಂತೆಂದರೆ ನಂಬಿಕೆ ಸತ್ತುಹೋಯಿತು ಅಂತ ತಿಳಿದುಕೊಂಡು ಅದಕ್ಕೂ ಹೆದರುವವರಿದ್ದಾರೆ. ಬೈಬಲ್ಲಿನಲ್ಲಿ ‘ಹೆದರಬೇಡ’ ಅನ್ನುವ ಮಾತು ದಿನಕ್ಕೊಂದರಂತೆ 365 ಸಲ ಇದೆ ಅಂತ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ನಾನು ಲೆಕ್ಕದ ಟೀಚರು, ಸುಮ್ಮನಿರಲಾರದೆ ಒಂದು ಬೇಸಿಗೆ ರಜೆಯಲ್ಲಿ ಎಣಿಸಿ ನೋಡಿದೆ. ಅಷ್ಟು ಸಿಗಲಿಲ್ಲ. ಆದರೆ ಎಣಿಸುವಾಗ ಇನ್ನೊಂದು ಕಂಡಿತು. ಆ ಮಾತನ್ನು ಹೇಳಿಸಿಕೊಂಡವರಲ್ಲಿ ಹೆಚ್ಚಿನವರು ಆಗಲೇ ಹೆದರಿ ನಡುಗುತ್ತಿದ್ದವರು. ದಾವೀದನು ಗತ್ ಊರಿನಲ್ಲಿ ಫಿಲಿಷ್ಟಿಯರ ಕೈಗೆ ಸಿಕ್ಕಿಬಿದ್ದಾಗಿನದು ಎಂಬ ತಲೆಬರಹವಿರುವ 56ನೆಯ ಕೀರ್ತನೆಯಲ್ಲಿ, ನನಗೆ ಹೆದರಿಕೆಯೇ ಇಲ್ಲ ಅಂತ ಅವನು ಶುರು ಮಾಡುವುದಿಲ್ಲ. ಹೆದರಿಕೆ ಆದಾಗ ನಿನ್ನಲ್ಲಿ ಭರವಸೆ ಇಡುತ್ತೇನೆ ಅನ್ನುತ್ತಾನೆ. ಗೆತ್ಸೇಮನೆಯಲ್ಲಿ ಯೇಸುಸ್ವಾಮಿಯೇ ದಿಗಿಲುಗೊಂಡನು, ಮನಗುಂದಿದನು ಅಂತ ಮಾರ್ಕನು ಮರೆಮಾಚದೆ ಬರೆದಿದ್ದಾನೆ. ಸ್ವಾಮಿಗೆ ಬಂದದ್ದು ನಮಗೆ ಬಂದರೆ ನಾಚಿಕೆ ಏಕೆ?

ಇನ್ನು ‘ಭಯಭಕ್ತಿ’. ಕನ್ನಡದಲ್ಲಿ ಈ ಎರಡು ಒಂದೇ ಪದವಾಗಿ ಅಂಟಿಕೊಂಡಿವೆ, ಅದಕ್ಕೇ ಗೊಂದಲ. ವಿಮೋಚನಕಾಂಡ 20:20ರಲ್ಲಿ ಮೋಶೆ ಜನರಿಗೆ ಹೆದರಬೇಡಿರಿ ಅನ್ನುತ್ತಾನೆ, ಅದೇ ಉಸಿರಿನಲ್ಲಿ ದೇವರ ಭಯ ನಿಮ್ಮಲ್ಲಿರಲಿ ಅನ್ನುತ್ತಾನೆ. ಒಂದು ಭಯ ಓಡಿಸುತ್ತದೆ, ಇನ್ನೊಂದು ನಿಲ್ಲಿಸುತ್ತದೆ. ನಾನು ಇಲ್ಲಿ ಬರೆಯುತ್ತಿರುವುದು ಓಡಿಸುವ ಭಯದ ಬಗ್ಗೆ.

ಮೊದಲ ಹೆಜ್ಜೆ: ಮೂರು ಸಾಲು ಬರೆಯಿರಿ

ಒಂದು ಸಾದಾ ನೋಟ್‌ಬುಕ್ ತೆಗೆದುಕೊಳ್ಳಿ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಾದರೂ ಆದೀತು. ಅದರಲ್ಲಿ ಮೂರೇ ಸಾಲು. ಒಂದು, ನನಗೆ ಯಾವುದರ ಹೆದರಿಕೆ. ಎರಡು, ಈ ಹೊತ್ತಿಗೆ ನನಗೆ ಖಂಡಿತ ಗೊತ್ತಿರುವುದೇನು. ಮೂರು, ನಾನು ಊಹೆ ಮಾಡಿಕೊಳ್ಳುತ್ತಿರುವುದೇನು.

ಸುಲಭ ಅನ್ನಿಸುತ್ತದೆ, ಮಾಡಿ ನೋಡಿ. ನನ್ನ ತಮ್ಮ ಟೊಮೆಟೊ ಬೆಳೆಯುತ್ತಾನೆ. ಅವನಿಗೆ ಬರಿ ಅಂದರೆ ಮೊದಲ ಸಾಲಿನಲ್ಲಿ ‘ಬೆಳೆ ಏನಾಗುತ್ತೋ’ ಅಂತ ಬರೆದ. ಇದು ಹೆದರಿಕೆಯ ಹೆಸರಲ್ಲ ಕಣೋ, ಹೆದರಿಕೆಯ ಹೊಗೆ ಅಂದೆ. ಮತ್ತೆ ಕೂತು ಅರ್ಧ ಗಂಟೆ ಯೋಚನೆ ಮಾಡಿ ಬರೆದ: ‘ಹದಿನೈದು ಕೇಜಿ ಬಾಕ್ಸಿಗೆ ನೂರೈವತ್ತರ ಕೆಳಗೆ ಹೋದರೆ ಗೊಬ್ಬರದ ಅಂಗಡಿ ಬಾಕಿ ತೀರಲ್ಲ. ಅಂಗಡಿಯವನು ಜನರ ಮುಂದೆ ಕೇಳ್ತಾನೆ.’ ಕೊನೆಯ ವಾಕ್ಯ ಬರೆಯುವಾಗ ಅವನ ಪೆನ್ನು ನಿಂತು ನಿಂತು ಹೋಯಿತು. ಅಸಲು ಹೆದರಿಕೆ ಅಲ್ಲಿತ್ತು. ದುಡ್ಡಿಗಿಂತ ಹೆಚ್ಚಾಗಿ ಮಾನದ ಪ್ರಶ್ನೆ. ಅವನಿಗೇ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೋಲಾರದ ಎಪಿಎಂಸಿ ನೋಡಿದವರಿಗೆ ಈ ಭಯ ವಿವರಿಸಬೇಕಾಗಿಲ್ಲ. 2023ರ ಜುಲೈನಲ್ಲಿ ಅದೇ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಪಕ್ಕ ಸುರಿದು ಹೋದದ್ದನ್ನೂ ನೋಡಿದ್ದೇವೆ. ರೇಟು ನಮ್ಮ ಕೈಯಲ್ಲಿಲ್ಲ ಅನ್ನುವುದು ಎರಡನೆಯ ಸಾಲಿಗೆ ಸೇರುವ ಸಂಗತಿ. ‘ಈ ಸಲ ನಾನು ಮುಳುಗಿಹೋದೆ’ ಅನ್ನುವುದು ಮೂರನೆಯ ಸಾಲಿನದು.

ಈ ಮೂರನೆಯ ಸಾಲು ನನಗೆ ಹೊಳೆದದ್ದು ಅರಣ್ಯಕಾಂಡ 13 ಓದುವಾಗ. ಮೋಶೆ ಕಳಿಸಿದ ಹನ್ನೆರಡು ಮಂದಿ ಗೂಢಚಾರರು ನಲವತ್ತು ದಿನ ಒಂದೇ ದೇಶ ಸುತ್ತಿದರು. ಅದೇ ದ್ರಾಕ್ಷಿ, ಅದೇ ಕೋಟೆ, ಅದೇ ಎತ್ತರದ ಜನ. ಕಂಡದ್ದರಲ್ಲಿ ಅವರಿಗೆ ಜಗಳವಿಲ್ಲ. ಆದರೆ ಹೆದರಿದ ಹತ್ತು ಮಂದಿ ಕೊನೆಗೆ ಒಂದು ಮಾತು ಸೇರಿಸುತ್ತಾರೆ: ನಮ್ಮ ಕಣ್ಣಿಗೆ ನಾವು ಮಿಡತೆಗಳ ಹಾಗಿದ್ದೆವು, ಅವರ ಕಣ್ಣಿಗೂ ಹಾಗೆಯೇ ಕಂಡೆವು. ಅವರ ಕಣ್ಣಿಗೆ ಹೇಗೆ ಕಂಡೆವು ಅಂತ ಇವರಿಗೆ ಹೇಳಿದವರು ಯಾರು? ಹೋಗಿ ಕೇಳಿ ಬಂದರೇ? ಅದು ಊಹೆ. ಆ ಊಹೆಯನ್ನು ವರದಿಯಲ್ಲಿ ಸೇರಿಸಿದ್ದಕ್ಕೆ ಇಡೀ ಜನಾಂಗ ರಾತ್ರಿಯೆಲ್ಲ ಅತ್ತಿತು.

ಎರಡನೆಯದು: ಕಾಗದವನ್ನು ದೇವರ ಮುಂದೆ ಹರಡಿ

ಇದು ಈ ಲೇಖನದ ಹೊಟ್ಟೆ. ಉಳಿದದ್ದನ್ನು ಬಿಟ್ಟರೂ ಇದನ್ನು ಬಿಡಬೇಡಿ.

2 ಅರಸುಗಳು 19ರಲ್ಲಿ ಅಶ್ಶೂರದ ಅರಸ ಸನ್ಹೇರೀಬನ ಬೆದರಿಕೆಯ ಪತ್ರ ಯೆಹೂದದ ಅರಸ ಹಿಜ್ಕೀಯನ ಕೈಗೆ ಬರುತ್ತದೆ. ಅವನು ಓದುತ್ತಾನೆ, ದೇವಾಲಯಕ್ಕೆ ಹೋಗುತ್ತಾನೆ, ಪತ್ರವನ್ನು ಯೆಹೋವನ ಮುಂದೆ ಬಿಚ್ಚಿ ಹರಡುತ್ತಾನೆ. ಅದೇ ಕಾಗದ, ಅದೇ ಅಕ್ಷರ. ಸಾರಾಂಶ ಹೇಳಲು ಹೋಗಲಿಲ್ಲ. ಪ್ರಾರ್ಥನೆಯಲ್ಲಿ ಇನ್ನೊಂದು ಗಮನಿಸಿ. ಶತ್ರು ಸುಳ್ಳುಗಾರ, ಅವನಿಂದೇನೂ ಆಗದು ಅಂತ ಹಿಜ್ಕೀಯ ಬಡಾಯಿ ಕೊಚ್ಚುವುದಿಲ್ಲ. ಅಶ್ಶೂರದ ಅರಸರು ಜನಾಂಗಗಳನ್ನು ಹಾಳುಮಾಡಿದ್ದು ನಿಜ ಅಂತ ಒಪ್ಪಿಕೊಂಡೇ ಮುಂದಿನ ಮಾತು ಕೇಳುತ್ತಾನೆ.

ಹಾಗಾಗಿ ನಿಮ್ಮನ್ನು ಹೆದರಿಸುತ್ತಿರುವ ಕಾಗದ ಯಾವುದೋ ಅದನ್ನೇ ತನ್ನಿ. ಲ್ಯಾಬ್ ರಿಪೋರ್ಟು, ಬ್ಯಾಂಕಿನ ನೋಟಿಸು, ಕೋರ್ಟಿನ ಸಮನ್ಸು, ಮಗಳ ಮಾರ್ಕ್ಸ್ ಕಾರ್ಡು. ಕಾಗದವಿಲ್ಲದ ಭಯವಾದರೆ ಆಗಲೇ ಬರೆದ ಮೂರು ಸಾಲು ಇದೆಯಲ್ಲ, ಅದು ಸಾಕು. ಬಾಗಿಲು ಹಾಕಿಕೊಂಡು ಮಂಚದ ಮೇಲೋ ನೆಲದ ಮೇಲೋ ಹರಡಿ, ಗಟ್ಟಿಯಾಗಿ ಓದಿ.

ನನ್ನ ಬಯಾಪ್ಸಿ ರಿಪೋರ್ಟ್ ಬಂದ ದಿನ ನಾನು ಹೀಗೆ ಮಾಡಿದೆ. ಪ್ಲಾಸ್ಟಿಕ್ ಕವರಿನಿಂದ ತೆಗೆಯುವಾಗ ಸ್ಟೇಪ್ಲರ್ ಪಿನ್ನಿಗೆ ಸಿಕ್ಕಿ ಮೂಲೆ ಹರಿಯಿತು. ಎರಡು ಹಾಳೆ. ಮೇಲೆ ನನ್ನ ಹೆಸರು, ವಯಸ್ಸು, ಕೆಳಗೆ ಇಂಗ್ಲಿಷಿನಲ್ಲಿ ಅರ್ಧ ಅರ್ಥವಾಗುವ ವಾಕ್ಯಗಳು. ಪ್ರಾರ್ಥನೆಗೆ ಮಾತು ಹೊರಡಲಿಲ್ಲ. ಮೂವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಟ್ಟವಳಿಗೆ ಒಂದು ಸ್ತೋತ್ರವೂ ಬಾಯಿಗೆ ಬರಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದಿದೆ, ಸಾಲು ಮುಗಿದಾಗ ‘ಕರ್ತನೇ, ಇದು’ ಅಂದೆ. ಮುಂದಿನ ಸಾಲು. ‘ಕರ್ತನೇ, ಇದೂ.’ ಗೆಡ್ಡೆಯ ಅಳತೆ ಸೆಂಟಿಮೀಟರಿನಲ್ಲಿ ಬರೆದಿತ್ತು, ಅದನ್ನೂ ಓದಿ ಹೇಳಿದೆ. ಎರಡು ಹಾಳೆ ಮುಗಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಸಮಾಧಾನ ಹರಿದು ಬಂತು ಅಂತ ಸಾಕ್ಷಿಯಲ್ಲಿ ಹೇಳುತ್ತಾರಲ್ಲ, ಅಂಥದ್ದೇನೂ ಆಗಲಿಲ್ಲ. ಆದರೆ ಎದ್ದು ಹೋಗಿ ಅನ್ನಕ್ಕೆ ಇಟ್ಟೆ. ಗಂಟು ಸಿಕ್ಕಾಗಿನಿಂದ ಮೊದಲ ಸಲ ಅದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿದ್ದೆ.

ಉದ್ದ ಪ್ರಾರ್ಥನೆ ಬರದಿದ್ದರೆ ಚಿಂತೆ ಬೇಡ. ಗಾಳಿ ನೋಡಿ ಹೆದರಿ ಮುಳುಗುತ್ತಿದ್ದ ಪೇತ್ರನು ಕೂಗಿದ್ದು ಸ್ವಾಮೀ, ಕಾಪಾಡು ಅಂತಷ್ಟೆ. ಸ್ವಾಮಿ ಮೊದಲು ಕೈಹಿಡಿದನು, ಅಲ್ಪವಿಶ್ವಾಸಿ ಅಂತ ಅಂದದ್ದು ಆಮೇಲೆ.

ಮೂರನೆಯದು: ಒಂದೇ ವಾಕ್ಯ, ಆ ಹೊತ್ತಿಗೆ ತಕ್ಕದ್ದು

ಭಯದಲ್ಲಿರುವವರಿಗೆ ನಲವತ್ತು ವಾಕ್ಯಗಳ ಪಟ್ಟಿ ಕಳಿಸುವುದು ಹೊಟ್ಟೆನೋವಿನವರ ಮುಂದೆ ಮದುವೆ ಊಟ ಬಡಿಸಿದ ಹಾಗೆ. ಒಂದು ಸಾಕು. ರಾತ್ರಿ ಕಣ್ಣು ಮುಚ್ಚಲು ಹೆದರಿಕೆಯಾದರೆ ಕೀರ್ತನೆ 4ರ ಕೊನೆಯ ವಚನ. ದೇವರ ಮೇಲೇ ಸಿಟ್ಟು ಬಂದಿದ್ದರೆ ಕೀರ್ತನೆ 13. ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ‘ಎಷ್ಟರವರೆಗೆ’ ಅಂತ ಕೇಳುತ್ತದೆ. ಏನೂ ಬೇಡ, ಯಾರ ಉಪದೇಶವೂ ಬೇಡ ಅನ್ನಿಸಿದರೆ ಕೀರ್ತನೆ 88. ಅದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಗೂ ಬೈಬಲ್ಲಿನಲ್ಲಿ ಜಾಗ ಇದೆ ಅನ್ನುವುದೇ ಕೆಲವು ದಿನಗಳಲ್ಲಿ ಸಾಕಾಗುತ್ತದೆ.

ಮನೆಯಿಂದ ಹೊರಗೆ ಹೋದವರ ಬಗ್ಗೆ ಭಯವಾದರೆ 121. ಇದು ನನ್ನ ಅಜ್ಜಿಯದು. ನಮ್ಮ ತಾಯಿಯ ತವರು ಕೆಜಿಎಫ್. ತಾತ ಅಲ್ಲಿನ ಚಿನ್ನದ ಗಣಿ ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗಿನ ಕೆಲಸಕ್ಕೆ ಹೋಗುತ್ತಿದ್ದರು. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ. ಒಳಗೆ ಬಂಡೆ ಸಿಡಿದರೆ ಮೇಲಿನ ಲೈನ್ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದವಂತೆ. ತಾತ ಕೆಲಸಕ್ಕೆ ಹೊರಟಾಗ ಅಜ್ಜಿ ಬಾಗಿಲಲ್ಲಿ ನಿಂತು, ಅವರು ತಿರುವು ದಾಟುವವರೆಗೆ 121ನ್ನು ತೆಲುಗಿನಲ್ಲಿ ಹೇಳುತ್ತಿದ್ದರು. ನೀನು ಹೋಗುವಾಗಲೂ ಬರುವಾಗಲೂ ಕಾಪಾಡುವನು ಅನ್ನುವ ಕೊನೆಯ ಮಾತು ಗಣಿಯವರಿಗೆಂದೇ ಬರೆದಂತಿದೆ. ಆದರೆ 121 ಹೇಳಿದ್ದಕ್ಕೇ ಬಂಡೆ ಬೀಳಲಿಲ್ಲ ಅಂತ ಅಜ್ಜಿ ಯಾವತ್ತೂ ಹೇಳಿದವರಲ್ಲ. ಪಕ್ಕದ ಮನೆಯಲ್ಲೂ ಅದನ್ನೇ ಹೇಳುತ್ತಿದ್ದರು. ಆ ಮನೆಯವರು ಒಂದು ದಿನ ವಾಪಸ್ಸು ಬರಲಿಲ್ಲ. ಮರುದಿನ ಅಜ್ಜಿ ಎರಡು ಸಲ ಹೇಳಿದರಂತೆ, ಒಂದು ತಾತನಿಗೆ, ಇನ್ನೊಂದು ಆ ಮನೆಗೆ. ತಾತ ಗಣಿಯಿಂದ ಬದುಕಿ ಬಂದರು, ಶ್ವಾಸಕೋಶದಲ್ಲಿ ಧೂಳು ತುಂಬಿಕೊಂಡು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದಾಗ ಇಬ್ಬರೂ ಇರಲಿಲ್ಲ. ಮಾವ ಮಾತ್ರ ಕೆಲಸ ಕಳೆದುಕೊಂಡು ದಿನಾ ಬೆಂಗಳೂರಿನ ರೈಲು ಹತ್ತಬೇಕಾಯಿತು. ಆಗ 121 ಹೇಳುವ ಸರದಿ ಅತ್ತೆಯದಾಯಿತು.

ವಾಕ್ಯವನ್ನು ಬಾಯಿಪಾಠ ಮಾಡಿ, ಕೆಲಸ ಮಾಡುತ್ತ ಹೇಳಿಕೊಳ್ಳಿ. ಹುಣಸೆಹಣ್ಣು ಬಿಡಿಸುವಾಗ, ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ. ಕೈ ಖಾಲಿಯಿದ್ದಾಗ ಭಯ ಬೇಗ ಬರುತ್ತದೆ.

ನಾಲ್ಕನೆಯದು: ಪ್ರಾರ್ಥನೆ ಮಾಡಿ, ಕಾವಲೂ ಇಡಿ

ಯೆರೂಸಲೇಮಿನ ಗೋಡೆ ಕಟ್ಟುವವರಿಗೆ ಶತ್ರುಗಳ ಬೆದರಿಕೆ ಬಂದಾಗಿನ ನೆಹೆಮೀಯ 4:9 ಒಂದೇ ವಚನದಲ್ಲಿ ಎರಡು ಕೆಲಸ ಹೇಳುತ್ತದೆ. ದೇವರಿಗೆ ಮೊರೆಯಿಟ್ಟೆವು, ಹಗಲಿರುಳು ಕಾವಲಿಟ್ಟೆವು. ಪ್ರಾರ್ಥನೆ ಮಾಡಿದ್ದೇವಲ್ಲ, ಕಾವಲೇಕೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ನಮ್ಮಲ್ಲಿ ಕೇಳುತ್ತಾರೆ.

ಕಾಯಿಲೆಯ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಖಾರವಾಗಿದ್ದರೆ ಕ್ಷಮಿಸಿ. ಪ್ರಾರ್ಥನೆ ಮಾಡಿಸಿಕೊಂಡು ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಫಿಟ್ಸ್ ಮಾತ್ರೆ ನಿಲ್ಲಿಸುವುದು ನಂಬಿಕೆಯಲ್ಲ. ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಗುಣವಾಯಿತು ಅಂತ ಸಾಕ್ಷಿ ಹೇಳಿ ಬಿಟ್ಟುಬಿಟ್ಟರೆ ಮತ್ತೆ ಬರುವ ಟಿಬಿಗೆ ಅದೇ ಔಷಧಿ ನಾಟದೆ ಹೋಗಬಹುದು. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ ವಾಕ್ಯ ಸಮೇತ ಹೇಳಿದವನು ಯಾರೆಂದು ಮತ್ತಾಯ 4ರಲ್ಲಿ ನೋಡಿ. ಸುವಾರ್ತೆ ಬರೆದ ಲೂಕನು ವೈದ್ಯ. ನಮ್ಮ ಸೀಮೆಗೆ ಸುವಾರ್ತೆ ತಂದವರು ಚರ್ಚಿನ ಜೊತೆಗೆ ಆಸ್ಪತ್ರೆಯನ್ನೂ ಕಟ್ಟಿದರು: ಕೋಲಾರದಲ್ಲಿ ಮೆಥೋಡಿಸ್ಟ್ ಮಿಷನ್ನಿನ ಇಟಿಸಿಎಂ, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ಶುರು ಮಾಡಿದ, ಈಗ ಸಿಎಸ್‌ಐ ಆಸ್ಪತ್ರೆ ಅನ್ನುವುದು. ಅವರಿಗೆ ಪ್ರಾರ್ಥನೆಯಲ್ಲಿ ನಂಬಿಕೆ ಕಡಿಮೆಯಿತ್ತೇ?

ಎದೆಯಲ್ಲಿ ಗಂಟು ಸಿಕ್ಕಿದರೆ ಆ ವಾರವೇ ತೋರಿಸಿ. ಬಹಳಷ್ಟು ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಆಗಿದ್ದರೂ ಬೇಗ ಹೋದವರಿಗೆ ಚಿಕಿತ್ಸೆ ಸುಲಭ. ಖರ್ಚಿನ ಭಯಕ್ಕೂ ಎರಡನೆಯ ಸಾಲು ಬರೆಯಿರಿ: ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.

ಸಾಲದ ಭಯ ಇದ್ದವರು ಒಂದು ಹಾಳೆಯಲ್ಲಿ ಯಾರಿಗೆ, ಎಷ್ಟು, ಯಾವ ಬಡ್ಡಿಗೆ ಅಂತ ಎಲ್ಲವನ್ನೂ ಬರೆಯಿರಿ. ‘ಮೂರು ರೂಪಾಯಿ ಬಡ್ಡಿ’ ಅಂದಾಗ ಕಿವಿಗೆ ಚಿಕ್ಕದಾಗಿ ಕೇಳಿಸುತ್ತದೆ. ತಿಂಗಳಿಗೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ ಮೂವತ್ತಾರು. 50,000ಕ್ಕೆ ಬಡ್ಡಿಯೇ 18,000. ದೊಡ್ಡ ಬಡ್ಡಿಯದನ್ನು ಮೊದಲು ತೀರಿಸುವ ದಾರಿ ಹುಡುಕಿ, ಉಳಿದವರ ಬಳಿ ನೀವೇ ಹೋಗಿ ಗಡುವು ಕೇಳಿ. ತಮ್ಮನು ಗೊಬ್ಬರದ ಅಂಗಡಿಗೆ ಮಾರ್ಕೆಟ್ ಗದ್ದಲ ಶುರುವಾಗುವ ಮುಂಚೆ ಬೆಳಗ್ಗೆಯೇ ಹೋಗಿ, ‘ಅಣ್ಣಾ, ಈ ಸಲ ಎರಡು ಸಲಕ್ಕೆ ಕೊಡ್ತೀನಿ’ ಅಂದ. ಅಂಗಡಿಯವರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಕಂತು ವಸೂಲಿಯವರು ಮನೆ ಮುಂದೆ ಕೂತು ಹಿಂಸೆ ಕೊಟ್ಟರೆ ಬಾಯಿ ಮುಚ್ಚಿಕೊಂಡು ಸಹಿಸಬೇಕಾಗಿಲ್ಲ. ಅಂಥ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಪೊಲೀಸ್ ಠಾಣೆಗೆ ಹೋಗಬಹುದು, ಸಭೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿ.

ಐದನೆಯದು: ಒಬ್ಬರಿಗೆ ಹೇಳಿ, ಒಬ್ಬರಿಗೆ ಮಾತ್ರ

ಯಾರಿಗೆ? ನಿಮ್ಮ ಮಾತು ಮುಗಿಯುವವರೆಗೆ ಬಾಯಿ ತೆರೆಯದವರಿಗೆ. ಬೇರೆಯವರ ಗುಟ್ಟನ್ನು ನಿಮ್ಮ ಹತ್ತಿರ ಹೇಳಿದವರು ನಿಮ್ಮ ಗುಟ್ಟನ್ನೂ ಇನ್ನೊಬ್ಬರಿಗೆ ಹೇಳುತ್ತಾರೆ, ಅವರನ್ನು ಬಿಡಿ. ಪಾದ್ರಿ ಅಯ್ಯನವರೇ ಆಗಬೇಕೆಂದಿಲ್ಲ. ನನ್ನ ಪಾಲಿಗೆ ತಂಗಿ. ಪ್ರಾರ್ಥನಾ ವಿನಂತಿ ಅಂತ ವಾಟ್ಸಾಪ್ ಗುಂಪಿನಲ್ಲಿ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಬೆಳಗ್ಗೆ ಹಾಕಿದರೆ ಮಧ್ಯಾಹ್ನಕ್ಕೆ ಊರೆಲ್ಲ ‘ಪಾಪ’ ಅನ್ನುತ್ತಿರುತ್ತದೆ. ಈ ವಾಕ್ಯವನ್ನು ಹತ್ತು ಜನರಿಗೆ ಕಳಿಸದಿದ್ದರೆ ಕೆಟ್ಟದ್ದಾಗುತ್ತದೆ ಅನ್ನುವ ಮೆಸೇಜು ಬಂದರೆ ಕೂಡಲೇ ಅಳಿಸಿಹಾಕಿ. ಅದರಲ್ಲಿ ಯೇಸುವಿನ ಪಟ ಇದ್ದರೂ ಸರಿಯೇ.

ಇಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. ನಮ್ಮ ಕೂಟದ ಒಬ್ಬಾಕೆಯ ಮನೆಯ ಗೇಟಿನ ಮುಂದೆ ಅಮಾವಾಸ್ಯೆಯ ಮಾರನೆಯ ಬೆಳಗ್ಗೆ ಕುಯ್ದ ನಿಂಬೆಹಣ್ಣು, ಕುಂಕುಮ, ನಾಲ್ಕು ಮೆಣಸಿನಕಾಯಿ ಬಿದ್ದಿತ್ತು. ಮೂರು ತಲೆಮಾರಿನ ಕ್ರೈಸ್ತ ಮನೆ. ಆದರೂ ಒಳಗಿನಿಂದ ಯಾರೂ ಹೊರಗೆ ಕಾಲಿಡಲಿಲ್ಲ, ಹಾಲಿನವನು ಹೊರಗೇ ಇಟ್ಟು ಹೋದ. ‘ಅಕ್ಕಾ, ಯಾರೋ ಮಾಟ ಮಾಡಿಸವ್ರೆ’ ಅಂತ ನನಗೆ ಫೋನು. ನಾನು ಹೋಗಿ ಪೊರಕೆ, ಮೊರ ಕೇಳಿದೆ. ಗುಡಿಸಿ ಕಸದ ಬುಟ್ಟಿಗೆ ಹಾಕಿದೆ. ನನ್ನ ಕೈಯೂ ಸ್ವಲ್ಪ ನಡುಗಿತು ಅಂತ ಒಪ್ಪಿಕೊಳ್ಳುತ್ತೇನೆ. ನಾನೂ ಇದೇ ಮಣ್ಣಿನವಳು. ಆಮೇಲೆ ಎಲ್ಲರೂ ಕೂತು ಕೀರ್ತನೆ 27 ಓದಿ ಕಾಫಿ ಕುಡಿದೆವು. ಯಾರು ಇಟ್ಟಿರಬಹುದು ಅಂತ ಯೋಚಿಸುವುದು ಬೇಡ, ಅದು ಮೂರನೆಯ ಸಾಲು, ಅಂದೆ. ಎದುರು ಮನೆಯವರ ಜೊತೆ ಮಾತು ಬಿಡುವ ಹಂತಕ್ಕೆ ಹೋಗಿತ್ತು, ಉಳಿಯಿತು.

ಆರನೆಯದು: ಉಣ್ಣಿ, ಮಲಗಿ

ಪ್ರವಾದಿ ಎಲೀಯನು ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಸಾಯುತ್ತೇನೆ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತನು ಪ್ರಸಂಗ ಮಾಡಲಿಲ್ಲ. ತಟ್ಟಿ ಎಬ್ಬಿಸಿ ಊಟ ಮಾಡು ಅಂದನು, ಎರಡು ಸಲ. ಅಪೊಸ್ತಲರ ಕೃತ್ಯಗಳು 27ರಲ್ಲಿ 276 ಮಂದಿ ತುಂಬಿದ ಹಡಗು ಹದಿನಾಲ್ಕು ದಿನ ಬಿರುಗಾಳಿಗೆ ಸಿಕ್ಕಿದಾಗ ಪೌಲನೂ ಅದನ್ನೇ ಹೇಳಿದ. ಉಪವಾಸ ಪ್ರಾರ್ಥನೆಗೆ ನನ್ನ ವಿರೋಧವಿಲ್ಲ, ಆದರೆ ಭಯದಿಂದ ಊಟ ಸೇರದಿರುವುದನ್ನು ಉಪವಾಸ ಅಂತ ಕರೆಯಬೇಡಿ. ಒಂದು ಮುದ್ದೆ, ಬಸ್ಸಾರು. ಒಂಬತ್ತರ ಮೇಲೆ ಫೋನ್ ಬೇರೆ ಕೋಣೆಯಲ್ಲಿ.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಇಲ್ಲ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ, ಮನೆಯಿಂದ ಹೊರಡಲಾಗುವುದಿಲ್ಲ, ಸತ್ತರೆ ಸಾಕು ಅನ್ನಿಸುತ್ತದೆ ಅಂದರೆ ಅದಕ್ಕೆ ಡಾಕ್ಟರು ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿಗಾದರೂ. ಜಿಲ್ಲಾ ಆಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯದ ಡಾಕ್ಟರನ್ನು ಕಾಣಬಹುದು. ದೆವ್ವ ಬಿಡಿಸುತ್ತೇವೆ ಅಂತ ತಲೆಗೂದಲು ಹಿಡಿದು ಕೂಗುವವರ ಹತ್ತಿರ ಮಾತ್ರ ಕರೆದುಕೊಂಡು ಹೋಗಬೇಡಿ.

ಕೊನೆಯ ಹೆಜ್ಜೆ, ಕಷ್ಟದ್ದು: ‘ಹಾಗಾಗದಿದ್ದರೂ’

ದಾನಿಯೇಲ 3ರಲ್ಲಿ ಬೆಂಕಿಯ ಕುಲುಮೆಯ ಮುಂದೆ ನಿಂತ ಮೂವರು ಹುಡುಗರು ಬಾಬೆಲಿನ ಅರಸ ನೆಬೂಕದ್ನೆಚ್ಚರನಿಗೆ ಹೇಳಿದ್ದರಲ್ಲಿ ಎರಡು ಭಾಗ ಇದೆ. ನಮ್ಮ ದೇವರು ಬಿಡಿಸಬಲ್ಲನು. ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ಅಡ್ಡಬೀಳೆವು. ನಮ್ಮ ಚೀಟಿಗಳಲ್ಲಿ ಮೊದಲ ಭಾಗವೇ ಬರುತ್ತದೆ, ಎರಡನೆಯದು ಅಚ್ಚಾಗುವುದಿಲ್ಲ.

ನಮ್ಮ ಕೂಟದ ಒಬ್ಬಾಕೆಯ ಗಂಡನಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಎರಡು ವರ್ಷ ಎಲ್ಲರೂ ಪ್ರಾರ್ಥಿಸಿದೆವು. ತೀರಿಕೊಂಡರು. ಸಮಾಧಿಯ ಹತ್ತಿರವೇ ಒಬ್ಬರು, ‘ಎಲ್ಲೋ ನಂಬಿಕೆ ಕಮ್ಮಿ ಆಯ್ತೇನೋಮ್ಮ’ ಅಂದರು. ನನಗೆ ಆವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಬ್ರಿಯ 11ನ್ನು ಅರ್ಧಕ್ಕೆ ನಿಲ್ಲಿಸದೆ ಕೊನೆಯವರೆಗೆ ಓದಬೇಕು. 34ನೆಯ ವಚನದಲ್ಲಿ ನಂಬಿಕೆಯಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರಿದ್ದಾರೆ. 37ರಲ್ಲಿ ಕತ್ತಿಯಿಂದಲೇ ಕೊಲ್ಲಲ್ಪಟ್ಟವರಿದ್ದಾರೆ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ, ಒಂದೇ ನಂಬಿಕೆಯ ಹೆಸರಿನಲ್ಲಿ ಬರೆದಿದೆ. ಆಕೆಗೆ ನಾನು ಅದನ್ನು ಆವತ್ತು ಹೇಳಲಿಲ್ಲ. ಹದಿನೈದು ದಿನ ಅಡುಗೆ ಮಾಡಿ ಕಳಿಸಿದೆವು. ಎರಡು ತಿಂಗಳ ಮೇಲೆ ಆಕೆಯೇ ಕೂಟಕ್ಕೆ ಬಂದು ಮೂಲೆಯಲ್ಲಿ ಕೂತರು. ಹಾಡಲಿಲ್ಲ, ಪ್ರಾರ್ಥನೆ ಮಾಡಲಿಲ್ಲ, ಹೋಗುವಾಗ ‘ಮುಂದಿನ್ವಾರನೂ ಬರ್ತೀನಿ ಟೀಚರ್’ ಅಂದರು. ಬಂದರು.

ಈ ಹೆಜ್ಜೆಗೆ ಮಾಡಬೇಕಾದ ಕೆಲಸ ಇಷ್ಟೇ: ನೋಟ್‌ಬುಕ್ಕಿನಲ್ಲಿ ಮೂರು ಸಾಲಿನ ಕೆಳಗೆ ‘ಹಾಗಾಗದಿದ್ದರೂ’ ಅಂತ ಬರೆದು ಮುಂದಿನ ಜಾಗ ಖಾಲಿ ಬಿಡಿ. ತುಂಬಲು ಆತುರ ಬೇಡ. ತಮ್ಮನು ಒಂದು ವಾರ ಬಿಟ್ಟು ತುಂಬಿದ: ‘ಹಾಗಾಗದಿದ್ದರೂ ಭಾನುವಾರ ಚರ್ಚಿಗೆ ಹೋಗ್ತೀನಿ, ಅಂಗಡಿಯವನ ಮುಂದೇನೇ ನಡ್ಕೊಂಡು ಹೋಗ್ತೀನಿ.’ ಆ ಸಲ ಬಾಕ್ಸಿಗೆ ನೂರಿಪ್ಪತ್ತಕ್ಕೆ ಹೋಯಿತು. ಬಾಕಿಯಲ್ಲಿ ಅರ್ಧ ಮುಂದಿನ ಬೆಳೆಗೆ ಉಳಿಯಿತು.

ಏನಾಯಿತು ಅನ್ನುವುದನ್ನೂ ತಾರೀಖು ಹಾಕಿ ಅದೇ ಪುಟದಲ್ಲಿ ಬರೆದಿಡಿ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ. ಇಲ್ಲಿಯವರೆಗೆ ಯೆಹೋವನು ಸಹಾಯ ಮಾಡಿದನು ಅಂತ ಸಮುವೇಲನು ಕಲ್ಲು ನಿಲ್ಲಿಸಿದ. ನಮಗೆ ಪುಟ ಸಾಕು. ಮುಂದಿನ ಸಲ ಹೆದರಿಕೆಯಾದಾಗ ಮೊದಲು ಹಳೆಯ ಪುಟ ತಿರುಗಿಸಿ, ಮೂರನೆಯ ಸಾಲಿನಲ್ಲಿ ಬರೆದದ್ದರಲ್ಲಿ ಎಷ್ಟು ನಡೆಯಿತು ಅಂತ ಟಿಕ್ ಹಾಕಿ ನೋಡಿ.

ನನ್ನ ಮುಂದಿನ ಚೆಕಪ್ ಬರುವ ತಿಂಗಳು. ಮೂರು ಸಾಲು ಬರೆದಾಗಿದೆ. ಮೂರನೆಯದು ಈ ಸಲವೂ ಉದ್ದವೇ. ಐದೂವರೆ ಬಸ್ಸಿಗೆ ತಂಗಿಯೂ ಬರುತ್ತಾಳೆ. ಚಪಾತಿ, ಟೊಮೆಟೊ ಗೊಜ್ಜು ಕಟ್ಟಿಕೊಂಡು ಬರುವುದು ಅವಳ ಪಾಲು, ಫೈಲು ನನ್ನ ಪಾಲು.